ಗಾಯ ಮಾಯ್ದ ಮೇಲೆ ಉಳಿಯುವ ನೋವು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಉಪನ್ಯಾಸ)



ವಾಚನಾಲಯದ ಕಾರ್ಯದರ್ಶಿಗಳು ಆರೋಗ್ಯದ ವಿಷಯವಾಗಿ ಏನಾದರೂ ಹೇಳಬೇಕೆಂದು ಕೇಳಿದಾಗ, ನಾನು ಸಕ್ಕರೆ ರೋಗವನ್ನೋ ರಕ್ತದ ಒತ್ತಡವನ್ನೋ ಕುರಿತು ಮಾತನಾಡುವೆನೆಂದು ಅವರು ಎಣಿಸಿದ್ದಿರಬೇಕು. ಅವುಗಳ ವಿಷಯ ಹೇಳುವವರು ಬಹುಮಂದಿ ಇದ್ದಾರೆ. ನಾನು ಶಸ್ತ್ರಕ್ರಿಯೆಯ ಕಾಲದಲ್ಲಿ ಅರಿವಳಿಕೆ ಕೊಡುವ ವೈದ್ಯ. ನೋವು ತಿಳಿಯದಂತೆ ಮಾಡುವುದೇ ನನ್ನ ಕಸುಬು. ಆದುದರಿಂದ, ನಮ್ಮ ಕೈ ಮೀರಿ ಹಿಂದೆ ಉಳಿದುಬಿಡುವ ಒಂದು ಬಗೆಯ ನೋವನ್ನು ಕುರಿತು, ಅದರಲ್ಲಿಯೂ ಮಕ್ಕಳಲ್ಲಿ ಅದು ಉಳಿಯುವ ವಿಷಯವಾಗಿ, ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಇದು ಕನ್ನಡ ವಾಚನಾಲಯದಲ್ಲಿ ಹೇಳತಕ್ಕ ವಿಷಯವೇ ಎಂದು ನೀವು ಕೇಳಬಹುದು. ಹೌದು, ಇಲ್ಲಿಯೇ ಹೇಳತಕ್ಕದ್ದು. ಏಕೆಂಬುದು ಮುಂದೆ ತಿಳಿಯುವುದು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಆರಂಭಿಸುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಈ ನಗರದ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಎದೆಯೊಳಗೆ ಕೀವು ತುಂಬಿ, ಪಕ್ಕೆಲುಬುಗಳ ನಡುವೆ ಕುಯ್ದು ಅದನ್ನು ತೆಗೆದಿದ್ದರು. ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಜ್ವರ ಬಿಟ್ಟಿತು, ಹೊಲಿಗೆ ಬಿಚ್ಚಿದರು, ಹುಡುಗ ಮನೆಗೆ ಹೋದ. ನಾಲ್ಕು ತಿಂಗಳಾದ ಮೇಲೆ ತಾಯಿ ಅವನನ್ನು ಮತ್ತೆ ಕರೆತಂದಳು. ನೋವು ಹೋಗಿಲ್ಲ, ನಿದ್ರೆಯಿಲ್ಲ, ಶಾಲೆಗೆ ಹೋಗುವುದಿಲ್ಲ. ಎಕ್ಸ್‌ರೇ ತೆಗೆದರು, ನಿರ್ಮಲವಾಗಿತ್ತು. ರಕ್ತ ಪರೀಕ್ಷಿಸಿದರು, ದೋಷವಿರಲಿಲ್ಲ. ನಾನು ಹಿಂದಿಯಲ್ಲಿ ಕೇಳಿದೆ, “ದರ್ದ್ ಹೈ?” ಎಂದು. “ಹಾಂ, ದರ್ದ್ ಹೈ” ಎಂದ. ಎಷ್ಟು ಎಂದರೆ “ಬಹುತ್” ಎಂದ. ಅದಕ್ಕಿಂತ ಹೆಚ್ಚು ಹಿಂದಿ ಅವನಿಗೂ ಬರುತ್ತಿರಲಿಲ್ಲ, ಅವನ ತಾಯಿಗೂ ಬರುತ್ತಿರಲಿಲ್ಲ. ಗಾಯ ಚೆನ್ನಾಗಿ ಮಾಯ್ದಿದೆ, ಇನ್ನು ನೋವಿಗೆ ಕಾರಣವಿಲ್ಲ, ಹುಡುಗನಿಗೆ ಶಾಲೆಯ ಭಯವಿದ್ದಂತಿದೆ ಎಂದು ಹೇಳಿ ಪ್ಯಾರಸೆಟಮಾಲ್ ಗುಳಿಗೆ ಬರೆದುಕೊಟ್ಟು ಕಳುಹಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ನಾನು ಹೊರಗೆ ಬಂದಾಗ ಆ ತಾಯಿ ಮಗ ಓಣಿಯ ಬೆಂಚಿನ ಮೇಲೆ ಕುಳಿತಿದ್ದರು. ಹುಡುಗ ಅಳುತ್ತ ಹೇಳುತ್ತಿದ್ದ: “ಅವ್ವಾ, ಅಂಗಿ ತಾಗಿದ್ರ ಕೆಂಡ ಇಟ್ಟಂಗ ಆಗತೈತಿ. ನಡುನಡುವ ಕರೆಂಟ್ ಹೊಡದಂಗ ಜಗ್ಗತೈತಿ. ಹಂಗ ಹೇಳಾಕ ನನಗ ಬರವಲ್ದು.” ಬಾಗಲಕೋಟೆ ಕಡೆಯ ಮಾತು. ನಾನು ನಿಂತುಬಿಟ್ಟೆ. ನಾನೂ ಕನ್ನಡಿಗ, ಅವನೂ ಕನ್ನಡಿಗ. ಹತ್ತು ನಿಮಿಷ ಎದುರುಬದುರು ಕುಳಿತು, ಇಬ್ಬರಿಗೂ ಪರವಾದ ಭಾಷೆಯಲ್ಲಿ ಒಂದೇ ಒಂದು ಶಬ್ದವನ್ನು ಅತ್ತಿತ್ತ ಎಸೆದಾಡಿದ್ದೆವು. ಆ ಹುಡುಗ ತಾಯಿಗೆ ಹೇಳಿದ ಎರಡು ವಾಕ್ಯಗಳನ್ನು ನನಗೆ ಹೇಳಿದ್ದರೆ ರೋಗದ ಹೆಸರು ಅಲ್ಲಿಯೇ ತಿಳಿಯುತ್ತಿತ್ತು. ತಾಯಿ ಆಮೇಲೆ ಇನ್ನೊಂದು ಮಾತು ಹೇಳಿದಳು: “ನಾಟಕ ಮಾಡ್ತಾನ ಅಂತ ಅವರಪ್ಪ ಹೊಡದಾರ್ರಿ ಸಾಹೇಬ್ರ.” ಹೊಡೆದವನು ತಂದೆಯಾದರೂ, “ಕಾರಣವಿಲ್ಲ” ಎಂದು ಹೇಳುವ ನನ್ನಂಥವರ ಮಾತೇ ಅವನ ಕೈಗೆ ಕೋಲು ಕೊಟ್ಟಿತೆಂದು ನನಗೆ ಅನ್ನಿಸಿತು.

ಇನ್ನು ಆ ನೋವು ಏನೆಂಬುದನ್ನು ನೋಡೋಣ. ನಮ್ಮ ಮಾತಿನಲ್ಲಿ ‘ನರ’ ಎಂದರೆ ರಕ್ತನಾಳಕ್ಕೂ ಅದೇ ಹೆಸರು, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗೂ ಅದೇ ಹೆಸರು. ಮರಾಠಿ ಹಿಂದಿಗಳ ‘ನಸ್’ ಕೂಡ ಹಾಗೆಯೇ. ನಾನಿಲ್ಲಿ ಹೇಳುವ ನರವು ಸುದ್ದಿಯನ್ನು ಸಾಗಿಸುವ ತಂತಿ. ಚರ್ಮದಿಂದ ಬೆನ್ನುಹುರಿಗೂ, ಅಲ್ಲಿಂದ ಮಿದುಳಿಗೂ ಅದು ಸುದ್ದಿ ಒಯ್ಯುತ್ತದೆ. ಸಾಮಾನ್ಯವಾದ ನೋವು ಬಾಗಿಲಿನ ಕರೆಗಂಟೆಯಿದ್ದಂತೆ. ಯಾರೋ ಬಂದು ಒತ್ತಿದರು, ಗಂಟೆ ಬಾರಿಸಿತು. ಬಂದವರು ಹೋದರೆ ಗಂಟೆಯೂ ನಿಂತಿತು. ಆದರೆ ನಮ್ಮ ಹಳೆಯ ಚಾಳುಗಳಲ್ಲಿ ಮಳೆಗಾಲದಲ್ಲಿ ಏನಾಗುವುದೆಂದು ನೀವು ಬಲ್ಲಿರಿ. ಗೋಡೆಯೊಳಗಿನ ತಂತಿಯ ಹೊದಿಕೆ ಹರಿದು ನೀರು ಸೇರಿ, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಗಂಟೆಯ ಸದ್ದು ಸುಳ್ಳಲ್ಲ. ಬಾಗಿಲಲ್ಲಿ ಯಾರೂ ಇಲ್ಲವೆಂಬುದೂ ಸುಳ್ಳಲ್ಲ. ಕೆಟ್ಟಿರುವುದು ತಂತಿ.

ಶಸ್ತ್ರಕ್ರಿಯೆಯಲ್ಲಿ ಚರ್ಮವನ್ನು ಕುಯ್ಯುವಾಗ ಸಣ್ಣ ನರಗಳು ಕತ್ತರಿಸಿಯೇ ಹೋಗುತ್ತವೆ. ಅದನ್ನು ಪೂರ್ತಿ ತಪ್ಪಿಸುವುದು ಎಂಥ ನಿಪುಣನಿಗೂ ಸಾಧ್ಯವಿಲ್ಲ. ಎದೆಯ ಶಸ್ತ್ರಕ್ರಿಯೆಯಲ್ಲಿ ಪಕ್ಕೆಲುಬಿನ ಕೆಳಗಿನ ನರ, ಹರ್ನಿಯಾದಲ್ಲಿ ತೊಡೆಸಂದಿನ ನರ, ಮುರಿದ ಮೊಣಕೈಗೆ ತಂತಿ ಹಾಕುವಾಗ ಅಲ್ಲಿನ ನರ, ಹೀಗೆ ಎಳೆತಕ್ಕೋ ಒತ್ತಡಕ್ಕೋ ಸಿಕ್ಕಬಹುದು. ಬಹುಪಾಲು ನರಗಳು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆದು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಕೆಲವು ಮಾತ್ರ ದಾರಿ ತಪ್ಪಿ, ತುದಿಯಲ್ಲಿ ಗಂಟುಗಟ್ಟಿ, ಪ್ರಚೋದನೆಯಿಲ್ಲದೆಯೇ ಸುದ್ದಿ ಕಳುಹಿಸತೊಡಗುತ್ತವೆ. ಆ ಸುದ್ದಿ ಎಡೆಬಿಡದೆ ಬಂದರೆ ಬೆನ್ನುಹುರಿಯೂ ಮಿದುಳೂ ಅತಿ ಸೂಕ್ಷ್ಮವಾಗಿ, ಅಂಗಿಯ ಸ್ಪರ್ಶವನ್ನೂ ಬೆಂಕಿಯೆಂದು ಓದುತ್ತವೆ. ಶಸ್ತ್ರಕ್ರಿಯೆಯಾಗಿ 3 ತಿಂಗಳು ಕಳೆದ ಮೇಲೂ, ಬೇರೆ ಕಾರಣವಿಲ್ಲದೆ, ಅದೇ ಜಾಗದಲ್ಲಿ ಉಳಿದ ನೋವನ್ನು ‘ಶಸ್ತ್ರಕ್ರಿಯೋತ್ತರ ದೀರ್ಘಕಾಲದ ನೋವು’ ಎನ್ನುತ್ತಾರೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹನ್ನೊಂದನೆಯ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ. ಇದು ಅಪರೂಪವೂ ಅಲ್ಲ. ಬೆನ್ನು, ಎದೆ ಮುಂತಾದ ದೊಡ್ಡ ಶಸ್ತ್ರಕ್ರಿಯೆಗಳಾದ ಮಕ್ಕಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ, ಒಂದು ವರ್ಷದ ಮೇಲೂ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಉಳಿದಿತ್ತು. ಅವೆಲ್ಲವೂ ನರದ ನೋವಲ್ಲ. ಆದರೆ ನರದ ಪಾಲು ಅದರಲ್ಲಿ ಇದ್ದೇ ಇದೆ.

ಕೈಕಾಲನ್ನೇ ತೆಗೆಯಬೇಕಾಗಿ ಬಂದ ಮಕ್ಕಳದು ಇನ್ನೊಂದು ಕಥೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಆರಂಭವಾದಂದಿನಿಂದ ನಮ್ಮ ಕರ್ನಾಟಕದ ಎಷ್ಟೋ ಸಂಸಾರಗಳು ಮಗುವನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಿವೆ. ಮೊಣಕಾಲಿನ ಬಳಿಯ ಎಲುಬಿನ ಕ್ಯಾನ್ಸರು ಹೆಚ್ಚಾಗಿ ಹತ್ತರಿಂದ ಇಪ್ಪತ್ತರ ವಯಸ್ಸಿನವರಿಗೇ ಬರತಕ್ಕದ್ದು. ಈಗ ಸಾಧ್ಯವಾದಲ್ಲೆಲ್ಲ ಕಾಲನ್ನು ಉಳಿಸಿಯೇ ಗಡ್ಡೆಯನ್ನು ತೆಗೆಯುತ್ತಾರೆ. ಸಾಧ್ಯವಾಗದಿದ್ದಲ್ಲಿ ಕಾಲು ಹೋಗುತ್ತದೆ, ಆದರೆ ಅದರ ನೋವು ಹೋಗದೆ ಉಳಿಯುವುದುಂಟು. ಇಲ್ಲದ ಪಾದ ತುರಿಸುತ್ತದೆ, ಇಲ್ಲದ ಹೆಬ್ಬೆರಳು ತಿರುಚಿದಂತಾಗುತ್ತದೆ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇದನ್ನು ಕಂಡ ವೈದ್ಯ ವೀರ್ ಮಿಚೆಲ್ 1871ರಲ್ಲಿ ‘ಭ್ರಮಾಂಗ’ ಎಂಬರ್ಥದ ಹೆಸರನ್ನು ಅದಕ್ಕೆ ಕೊಟ್ಟನು. ಇದನ್ನು ಮಗು ಹೇಳಿದರೆ ನಮ್ಮವರು ಗಾಳಿ ಸೋಕಿತೆಂದು ತಿಳಿಯುವುದುಂಟು. ಹೆದರಬೇಕಾದ್ದಿಲ್ಲ. ಕಾಲಿನ ನಕ್ಷೆ ಮಿದುಳಿನಲ್ಲಿ ಇನ್ನೂ ಇದೆ, ಅಷ್ಟೆ. ಅದನ್ನು ಮಗುವಿಗೂ ಬಿಡಿಸಿ ಹೇಳಬೇಕು.

ಮಗುವಿನ ನೋವನ್ನು ನಂಬದಿರುವುದು ತಂದೆತಾಯಿಗಳ ತಪ್ಪು ಮಾತ್ರವಲ್ಲ, ನಮ್ಮ ವೈದ್ಯಶಾಸ್ತ್ರವೂ ಬಹುಕಾಲ ಅದೇ ತಪ್ಪು ಮಾಡಿತು. ಎಳೆಯ ಕೂಸುಗಳ ನರಮಂಡಲ ಬಲಿತಿರುವುದಿಲ್ಲ, ಆದುದರಿಂದ ಅವಕ್ಕೆ ನೋವು ತಿಳಿಯದು ಎಂದು 1980ರ ದಶಕದವರೆಗೆ ಅನೇಕರು ನಂಬಿದ್ದರು. ಕೈಕಾಲು ಆಡದಂತೆ ಔಷಧ ಕೊಟ್ಟು, ಅತ್ಯಲ್ಪ ಅರಿವಳಿಕೆಯಲ್ಲಿಯೇ ಶಸ್ತ್ರಕ್ರಿಯೆ ನಡೆಸುತ್ತಿದ್ದುದುಂಟು. ಈ ನಂಬಿಕೆಯನ್ನು ಮುರಿದವರಲ್ಲಿ ಮುಖ್ಯರು ನಮ್ಮ ದೇಶದವರೇ ಆದ ಡಾಕ್ಟರ್ ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೂರಿನಲ್ಲಿ ವೈದ್ಯ ವ್ಯಾಸಂಗ ಮಾಡಿ ಆಕ್ಸ್‌ಫರ್ಡಿಗೆ ಹೋಗಿದ್ದ ಅವರು, ಶಸ್ತ್ರಕ್ರಿಯೆಯ ವೇಳೆ ಕೂಸುಗಳ ರಕ್ತದಲ್ಲಿ ಏನಾಗುತ್ತದೆಂದು ಅಳೆದು ನೋಡಿದರು. ಸರಿಯಾಗಿ ನೋವು ತಗ್ಗಿಸಿದ ಕೂಸುಗಳಲ್ಲಿ ದೇಹದ ಕ್ಷೋಭೆ ಕಡಿಮೆ, ಆಮೇಲಿನ ತೊಂದರೆಗಳೂ ಕಡಿಮೆ ಎಂದು 1987ರಲ್ಲಿ ತೋರಿಸಿಕೊಟ್ಟರು. ಬಾಯಿಲ್ಲದ ಕೂಸಿನ ಪರವಾಗಿ ಅದರ ರಕ್ತವೇ ಸಾಕ್ಷಿ ಹೇಳಿತು. ಅಂದಿನಿಂದ ಜಗತ್ತಿನ ಪದ್ಧತಿ ಬದಲಾಯಿತು.

ಆದರೆ ಗಾಯ ಮಾಯ್ದ ಮೇಲಿನ ನರದ ನೋವಿಗೆ ಅಂಥ ರಕ್ತದ ಸಾಕ್ಷಿ ಇಲ್ಲ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ವೈದ್ಯನು ಮುಟ್ಟಿ ನೋಡುವುದುಂಟು: ಹತ್ತಿಯಿಂದ ಸವರಿದರೆ ಉರಿಯುವುದೇ, ಯಾವ ಭಾಗ ಮರಗಟ್ಟಿದೆ ಎಂದು. ಆದರೆ ಆ ಪರೀಕ್ಷೆಗೆ ಅವನು ಕೈಹಾಕಬೇಕಾದರೂ ಮೊದಲು ರೋಗಿಯ ಮಾತಿನಿಂದ ಸಂಶಯ ಹುಟ್ಟಬೇಕು. ಮೆಲ್ಜಾಕ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು 1975ರಲ್ಲಿ ನೋವಿನ 78 ಶಬ್ದಗಳನ್ನು ಆಯ್ದು 20 ಗುಂಪು ಮಾಡಿ ಒಂದು ಪ್ರಶ್ನಾವಳಿಯನ್ನೇ ರಚಿಸಿದರು. ಯಾವ ಶಬ್ದವನ್ನು ರೋಗಿ ಆರಿಸುತ್ತಾನೆಂಬುದರಿಂದ ನೋವಿನ ಜಾತಿ ತಿಳಿಯುತ್ತದೆ. ಗಾಯದ ನೋವು ಮಿಡಿಯುತ್ತದೆ, ಬಿಗಿಯುತ್ತದೆ, ಒತ್ತಿದರೆ ನೋಯುತ್ತದೆ. ನರದ ನೋವು ಉರಿಯುತ್ತದೆ, ಚುಳಕು ಹೊಡೆಯುತ್ತದೆ, ಜುಮುಜುಮು ಎನ್ನುತ್ತದೆ, ಮುಟ್ಟಿದರೆ ಸಾಕು ಹಾಯುತ್ತದೆ. ನೋಡಿ, ಈ ಶಬ್ದಗಳಿಗಾಗಿ ನಾನು ಯಾವ ಕೋಶವನ್ನೂ ತೆಗೆಯಬೇಕಾಗಲಿಲ್ಲ. ನಮ್ಮ ಅಜ್ಜಿಯರ ಬಾಯಲ್ಲಿ ಇವೆಲ್ಲ ಇದ್ದವು. ಮುಂಬಯಿಯ ದವಾಖಾನೆಯ ಬಾಗಿಲಲ್ಲಿ ಇವನ್ನೆಲ್ಲ ಕಳಚಿಟ್ಟು “ದರ್ದ್” ಎಂಬ ಒಂದೇ ಶಬ್ದವನ್ನು ಒಳಗೆ ಒಯ್ಯುತ್ತೇವೆ. ವೈದ್ಯನು ಆ ಒಂದು ಶಬ್ದಕ್ಕೆ ತಕ್ಕ ಒಂದು ಗುಳಿಗೆಯನ್ನು ಕೊಡುತ್ತಾನೆ.

ಆದುದರಿಂದ ಇವನ್ನು ದಯವಿಟ್ಟು ಬರೆದುಕೊಳ್ಳಿ. ನಮ್ಮ ‘ಉರಿ’ಗೆ ಹಿಂದಿಯಲ್ಲಿ ‘ಜಲನ್’, ಮರಾಠಿಯಲ್ಲಿ ‘ಆಗ್ ಹೋಣೆ’. ಜೋಮು ಹಿಡಿದು ಇರುವೆ ಹರಿದಂತಾದರೆ ಮರಾಠಿಯಲ್ಲಿ ‘ಮುಂಗ್ಯಾ ಯೇಣೆ’. ಅವರ ಮುಂಗಿಯೂ ನಮ್ಮ ಇರುವೆಯೇ. ಹಿಂದಿಯಲ್ಲಿ ‘ಝನಝನಾಹಟ್’. ಮರಗಟ್ಟಿದರೆ ಮರಾಠಿಯಲ್ಲಿ ‘ಬಧೀರ್’, ಹಿಂದಿಯಲ್ಲಿ ‘ಸುನ್ನ್’. ಚುಳಕಿಗೆ ‘ಕರೆಂಟ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇನ್ನು ಬಟ್ಟೆ ತಾಗಿದರೂ ನೋಯುವುದನ್ನು ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ. ಮಗು ಅಂಗಿಯನ್ನು ಎತ್ತಿ ಹಿಡಿದು ನಡೆಯುತ್ತದೆಯೆ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಒಂದು ಪಕ್ಕವನ್ನು ಕೈಯಿಂದ ಕಾಯ್ದುಕೊಳ್ಳುತ್ತದೆಯೆ, ಸ್ನಾನದ ನೀರು ಆ ಜಾಗಕ್ಕೆ ಬಿದ್ದಾಗ ಚೀರುತ್ತದೆಯೆ ಎಂಬುದನ್ನು ತಾಯಿ ಗಮನಿಸಿ ಹೇಳಿದರೆ ಸಾಕು. ಮಗುವಿಗೆ ಮಾತು ಸಾಲದಿದ್ದರೆ ದೇಹದ ಚಿತ್ರ ಬರೆದುಕೊಟ್ಟು, ಎಲ್ಲಿ ಯಾವ ಬಣ್ಣ ಬಳಿಯುತ್ತೀ ಎಂದು ಕೇಳಬಹುದು.

ಇನ್ನು ಚಿಕಿತ್ಸೆಯ ವಿಷಯ. ಪ್ಯಾರಸೆಟಮಾಲ್, ಐಬುಪ್ರೊಫೆನ್‌ಗಳು ಗಾಯದ ನೋವಿಗೆ ಒಳ್ಳೆಯವು, ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ನಾಟಲಿಲ್ಲವೆಂದು ಅವನ್ನೇ ಎರಡರಷ್ಟು ಕೊಟ್ಟರೆ ಯಕೃತ್ತಿಗೂ ಮೂತ್ರಪಿಂಡಕ್ಕೂ ಕೇಡು. ನರದ ನೋವಿಗೆ ವೈದ್ಯರು ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದ ಬೇರೆ ಜಾತಿಯ ಔಷಧ ಬರೆಯುತ್ತಾರೆ. ಇಲ್ಲಿಯೇ ಎಷ್ಟೋ ಸಂಸಾರಗಳು ಎಡವುತ್ತವೆ. ಔಷಧದ ಅಂಗಡಿಯವನು ಒಂದನ್ನು ಮೂರ್ಛೆರೋಗದ ಗುಳಿಗೆಯೆನ್ನುತ್ತಾನೆ, ಇನ್ನೊಂದನ್ನು ಮನಸ್ಸಿನ ಕಾಯಿಲೆಯ ಗುಳಿಗೆಯೆನ್ನುತ್ತಾನೆ. ನಮ್ಮ ಮಗುವಿಗೆ ಹುಚ್ಚೇ ಎಂದು ಹೆದರಿ ಚೀಟಿಯನ್ನು ಹರಿದು ಹಾಕುತ್ತಾರೆ. ಆ ಔಷಧಗಳು ಮೊದಲು ಆ ರೋಗಗಳಿಗೆ ಬಳಕೆಯಾದುದು ನಿಜ. ಆದರೆ ನರದ ತಪ್ಪು ಸುದ್ದಿಯನ್ನು ತಗ್ಗಿಸುವ ಗುಣ ಅವುಗಳಲ್ಲಿ ಇರುವುದರಿಂದ ಇಲ್ಲಿಯೂ ಕೊಡುತ್ತಾರೆ. ಸ್ವಲ್ಪದರಿಂದ ಆರಂಭಿಸಿ, ಮಗುವಿನ ತೂಕ ನೋಡಿ, ಮೆಲ್ಲಮೆಲ್ಲನೆ ಏರಿಸುತ್ತಾರೆ. ಅಮಿಟ್ರಿಪ್ಟಿಲಿನ್‌ಗೆ ಮುಂಚೆ ಕೆಲವರು ಹೃದಯದ ಇ.ಸಿ.ಜಿ. ತೆಗೆಸುತ್ತಾರೆ. ಗುಣ ಕಾಣಲು ವಾರಗಳು ಹಿಡಿಯಬಹುದು. ಮೊದಲಿಗೆ ತೂಕಡಿಕೆ ಬರಬಹುದು. ತಾವಾಗಿ ಹಠಾತ್ತನೆ ನಿಲ್ಲಿಸಕೂಡದು. ದೊಡ್ಡವರಿಗೆಂದು ತಂದ ಗುಳಿಗೆಯನ್ನು ಮುರಿದು ಮಗುವಿಗೆ ಕೊಡುವುದು ಸರ್ವಥಾ ಕೂಡದು.

ಔಷಧವೊಂದೇ ಸಾಲದು. ಮಕ್ಕಳ ದೀರ್ಘಕಾಲದ ನೋವಿನ ವಿಷಯವಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರ ಕೊನೆಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ವ್ಯಾಯಾಮ, ಮನಸ್ಸಿನ ಶಿಕ್ಷಣ, ಔಷಧ ಈ ಮೂರನ್ನೂ ಅದು ಹೇಳಿದೆ. ಮಕ್ಕಳಲ್ಲಿ ನಡೆದ ಪರೀಕ್ಷೆಗಳು ಇನ್ನೂ ಕಡಿಮೆಯೆಂಬುದನ್ನೂ ಮುಚ್ಚಿಟ್ಟಿಲ್ಲ. ವ್ಯಾಯಾಮದಲ್ಲಿ ಮೊದಲನೆಯದು, ಮುಟ್ಟಬಾರದ ಜಾಗವನ್ನು ಮುಟ್ಟಿ ಪಳಗಿಸುವುದು. ದಿನಕ್ಕೆ ಹಲವು ಸಲ, ಎರಡೆರಡು ನಿಮಿಷ, ಮೊದಲು ಹತ್ತಿ, ಕೆಲವು ದಿನಗಳ ಮೇಲೆ ಹಳೆಯ ಮೆತ್ತನೆಯ ಸೀರೆಯ ತುಂಡು, ಆಮೇಲೆ ಒರಟು ಟವೆಲು. ಇದನ್ನು ಮಗುವೇ ತನ್ನ ಕೈಯಿಂದ ಮಾಡಿಕೊಂಡರೆ ಒಳಿತು. ನಾವು ಮಾಡುವುದೋ ಇದಕ್ಕೆ ವಿರುದ್ಧ. ಆ ಭಾಗಕ್ಕೆ ಪಟ್ಟಿ ಸುತ್ತಿ, ಅಲ್ಲಾಡಿಸದೆ ಇಟ್ಟು, ಯಾರೂ ಮುಟ್ಟದಂತೆ ಕಾಯುತ್ತೇವೆ. ಕಾಯ್ದಷ್ಟೂ ನರದ ಸೂಕ್ಷ್ಮತೆ ಹೆಚ್ಚುತ್ತದೆ. ಬಿಸಿನೀರಿನ ಚೀಲವನ್ನು ಇಡುವವರಿಗೂ ಒಂದು ಮಾತು: ನೋವಿರುವ ಜಾಗದ ನಡುವೆಯೇ ಮರಗಟ್ಟಿದ ತುಂಡೂ ಇರುತ್ತದೆ. ಅಲ್ಲಿ ಬೆಂದರೂ ಮಗುವಿಗೆ ತಿಳಿಯದು.

ಅಂಗವಿಲ್ಲದ ಮಕ್ಕಳಿಗೆ ಕನ್ನಡಿಯ ಉಪಾಯವಿದೆ. ತಮಿಳುನಾಡಿನಲ್ಲಿ ಹುಟ್ಟಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸಂಶೋಧನೆ ನಡೆಸಿದ ಡಾಕ್ಟರ್ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ನಡುವೆ ನಿಲುವುಗನ್ನಡಿಯನ್ನಿಟ್ಟು, ಇರುವ ಕಾಲಿನ ಪ್ರತಿಬಿಂಬವನ್ನು ಇಲ್ಲದ ಕಾಲಿನ ಜಾಗದಲ್ಲಿ ಕಾಣುವಂತೆ ಮಾಡಿ, ನಿಧಾನವಾಗಿ ಬೆರಳಾಡಿಸುವುದು. ತಿರುಚಿಕೊಂಡ ಆ ಕಾಲು ಬಿಡಿಸಿಕೊಂಡಂತೆ ಕೆಲವರಿಗೆ ಅನ್ನಿಸುತ್ತದೆ. ಎಲ್ಲರಿಗೂ ಗುಣವಾಗುವುದೆಂದು ಹೇಳಲಾರೆ. ಆದರೆ ಒಂದು ಕನ್ನಡಿಯ ಖರ್ಚು, ಕೇಡೇನೂ ಬಹಳವಿಲ್ಲ. ಅದನ್ನು ಕಲಿಸಿಕೊಡುವವರ ಬಳಿ ಕಲಿತು ಮಾಡಬೇಕು.

ಮನಸ್ಸಿನ ಶಿಕ್ಷಣವೆಂದರೆ ನೋವು ಕಲ್ಪನೆಯೆಂದು ಅರ್ಥವಲ್ಲ. ಭಯವು ನೋವಿನ ಗಂಟೆಯನ್ನು ಜೋರು ಮಾಡುತ್ತದೆ, ನಿದ್ರೆ ಮತ್ತು ಆಟಗಳು ಅದನ್ನು ತಗ್ಗಿಸುತ್ತವೆ. ಮಗುವಿನ ಭಯ ಮಾತ್ರವಲ್ಲ, ತಂದೆತಾಯಿಗಳ ಅತಿಯಾದ ಭಯವೂ ಮಕ್ಕಳಲ್ಲಿ ನೋವು ಉಳಿಯುವುದಕ್ಕೆ ಜೊತೆಗೂಡುತ್ತದೆಂದು ಕಂಡುಬಂದಿದೆ. ಗಳಿಗೆಗೊಮ್ಮೆ “ನೋಯುತ್ತಿದೆಯಾ ಮಗಾ?” ಎಂದು ಕೇಳುವುದನ್ನು ಬಿಟ್ಟು, ನಂಬಿದ್ದೇವೆಂದು ಒಮ್ಮೆ ಹೇಳಿ, ದಿನದ ಕೆಲಸಕ್ಕೆ ಹಚ್ಚಬೇಕು. ಶಾಲೆಗೆ ಮೊದಲ ವಾರ ಒಂದು ಗಂಟೆ, ಮುಂದಿನ ವಾರ ಎರಡು ಗಂಟೆ, ಹೀಗೆ ಕಳುಹಿಸಬೇಕು. ನೋವು ಪೂರ್ತಿ ಹೋದ ಮೇಲೆ ಶಾಲೆ ಎಂದರೆ ಎರಡೂ ಆಗುವುದಿಲ್ಲ.

ಶಸ್ತ್ರಕ್ರಿಯೆಗೆ ಮುಂಚೆಯೇ ಮಾಡಬಹುದಾದ್ದೂ ಉಂಟು. ಅರಿವಳಿಕೆಯ ವೈದ್ಯನನ್ನು ಕಂಡು, ಮೊದಲ ದಿನಗಳ ನೋವಿಗೆ ಏನು ಮಾಡುವಿರಿ, ನರಕ್ಕೆ ಮದ್ದು ಚುಚ್ಚಿ ಮರಗಟ್ಟಿಸುವುದು ಸಾಧ್ಯವೇ ಎಂದು ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ. ಮುಂಚೆಯೇ ತೀವ್ರ ನೋವಿದ್ದ ಮಕ್ಕಳಲ್ಲಿ ಆಮೇಲೆ ನೋವು ಉಳಿಯುವ ಸಂಭವ ಹೆಚ್ಚಾದ್ದರಿಂದ ಅದನ್ನೂ ತಿಳಿಸಬೇಕು. ಇನ್ನೊಂದು ಎಚ್ಚರಿಕೆ: ಜ್ವರ, ಕೀವು, ಹೊಸದಾಗಿ ಬಾವು, ಕೈಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ದಿನದಿಂದ ದಿನಕ್ಕೆ ಏರುವ ನೋವು, ಇವುಗಳಲ್ಲಿ ಯಾವುದು ಕಂಡರೂ ನರದ ನೋವೆಂದು ಸುಮ್ಮನಿರದೆ ಕೂಡಲೇ ಶಸ್ತ್ರವೈದ್ಯರ ಬಳಿಗೆ ಹೋಗತಕ್ಕದ್ದು.

ಆ ಹುಡುಗನ ಮಾತನ್ನು ಮುಗಿಸುತ್ತೇನೆ. ಅಂದೇ ಅವರನ್ನು ಒಳಗೆ ಕರೆದು, ಕನ್ನಡದಲ್ಲಿ ಮತ್ತೆ ಮೊದಲಿನಿಂದ ಕೇಳಿದೆ. ಔಷಧ ಬದಲಾಯಿತು, ಹತ್ತಿಯ ವ್ಯಾಯಾಮ ಆರಂಭವಾಯಿತು. ಎರಡು ವಾರಗಳಲ್ಲಿ ನಿದ್ರೆ ಬರತೊಡಗಿತು. ಮೂರನೆಯ ತಿಂಗಳು ಶಾಲೆಗೆ ಹೋದ. ನೋವು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಮಳೆಗಾಲದಲ್ಲಿ ಆ ಪಕ್ಕ ಇನ್ನೂ ಜುಮು ಎನ್ನುತ್ತದೆಂದು ಕೊನೆಯ ಸಲ ಬಂದಾಗ ಹೇಳಿದ. ಆದರೆ ಅಂಗಿ ತೊಟ್ಟು ಬಂದಿದ್ದ. ಅವನ ತಂದೆಯೂ ಜೊತೆಗೆ ಬಂದಿದ್ದ, ಏನೂ ಮಾತನಾಡದೆ ಮಗನ ಚೀಲವನ್ನು ತಾನೇ ಹಿಡಿದುಕೊಂಡು ನಿಂತಿದ್ದ.

ಪರೇಲಿನಲ್ಲಿ 1926ರಲ್ಲಿ ಕಟ್ಟಿದ ಕೆ.ಇ.ಎಂ. ಆಸ್ಪತ್ರೆ, 1929ರ ವಾಡಿಯಾ ಮಕ್ಕಳ ಆಸ್ಪತ್ರೆ, ಆಮೇಲೆ ಟಾಟಾ, ಇವು ಮೂರೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅಲ್ಲಿಯ ಓಣಿಗಳಲ್ಲಿ ಇಂದೂ ಕಲಬುರಗಿ, ವಿಜಯಪುರ, ಬಾಗಲಕೋಟೆಗಳ ಮಾತು ಕಿವಿಗೆ ಬೀಳುತ್ತದೆ. ಈ ವಾಚನಾಲಯದ ನಿತ್ಯದ ಓದುಗರಲ್ಲಿ ಮರಾಠಿ ಹಿಂದಿಗಳನ್ನು ಚೆನ್ನಾಗಿ ಬಲ್ಲ, ನಿವೃತ್ತರಾಗಿ ಬಿಡುವಿರುವ ಹಿರಿಯರು ಅನೇಕರಿದ್ದಾರೆ. ನನ್ನ ಬೇಡಿಕೆ ಎರಡೇ. ಈ ಶಬ್ದಗಳ ಪಟ್ಟಿಯನ್ನು ಮೂರು ಭಾಷೆಗಳಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲೆ ಇಡೋಣ, ಬೇಕಾದವರು ಒಯ್ಯಲಿ. ಮತ್ತು ವಾರಕ್ಕೊಂದು ಬೆಳಗ್ಗೆ, ಮಗುವನ್ನು ಕರೆತಂದ ಒಂದು ಕನ್ನಡ ಸಂಸಾರದ ಜೊತೆಗೆ ವೈದ್ಯರ ಕೋಣೆಯವರೆಗೆ ಹೋಗಿಬರಲು ನಾಲ್ವರು ಹೆಸರು ಕೊಡಲಿ. ಔಷಧವನ್ನು ವೈದ್ಯರು ಕೊಡುತ್ತಾರೆ. ಮಗುವಿನ ಮಾತನ್ನು ಅವರವರೆಗೆ ಮುಟ್ಟಿಸುವ ಕೆಲಸ ನಮ್ಮದು.